ಸ್ಟಾಕ್ ಇಲ್ಲವೆಂದ ಹದಿನೆಂಟು ದಿನ

ಕಳೆದ ಶುಕ್ರವಾರ ಪೂಜೆಗೆ ಕೂತಾಗ ನನ್ನ ಸೆರಗು ಊದುಬತ್ತಿಗೆ ತಗುಲಿತು. ಸೀರೆಗೇನೂ ಆಗಲಿಲ್ಲ. ಸೆರಗಿನ ಕುಚ್ಚಿನಲ್ಲಿ ಒಂದೆರಡು ಎಳೆ ಸುಟ್ಟು ಮುದುಡಿಕೊಂಡವು, ಅಷ್ಟೆ. ಆದರೆ ವಾಸನೆ ಎದ್ದಿತು... ಊದುಬತ್ತಿಯ ಗಂಧವೂ ಸುಟ್ಟ ರೇಷ್ಮೆ ದಾರದ ಕಮಟೂ ಒಂದಾದ ವಾಸನೆ. ಹನ್ನೆರಡು ವರ್ಷದಿಂದ ನಮ್ಮ ಮನೆಯಲ್ಲಿ ಅದು ಇರಲಿಲ್ಲ. ಗಂಟೆ ನನ್ನ ಕೈಯಲ್ಲೇ ಉಳಿಯಿತು.

ಆ ವಾಸನೆ ನಮ್ಮ ಮನೆಗೆ ಹಿಂಬದಿಯ ಮನೆಯಲ್ಲಿ ಬಾಡಿಗೆಗಿದ್ದ ಹುಡುಗಿಯದು. ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದಳು. ವಿದ್ಯಾರಣ್ಯಪುರದ ನಮ್ಮ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರು ಕಡಿಮೆ. ಎಲ್ಲರಿಗೂ ಅವಳು ಕುಚ್ಚಿನ ಹುಡುಗಿ. ಹಿಂದಿನ ಎರಡು ಕೋಣೆಗೆ ಬೆಳಕು ಸಾಲದೆಂದು ಸಂಜೆ ನಾಲ್ಕರ ಹೊತ್ತಿಗೆ ಸೀರೆ ಗಂಟು ಎತ್ತಿಕೊಂಡು ನಮ್ಮ ಜಗಲಿಗೆ ಬರುತ್ತಿದ್ದಳು. ಗಂಟು ಬಿಗಿದ ಮೇಲೆ ಉಳಿದ ದಾರವನ್ನು ಕತ್ತರಿಸಿ, ಬಿಚ್ಚಿಕೊಳ್ಳದಿರಲೆಂದು ಅದರ ತುದಿಗೆ ಉರಿಯುವ ಊದುಬತ್ತಿ ತಾಗಿಸುತ್ತಿದ್ದಳು. ಬೇರೆಯವರು ಕ್ಯಾಂಡಲ್ ಹಿಡಿಯುತ್ತಾರಂತೆ, ಅದು ಮಸಿ ಹತ್ತಿಸುತ್ತದಂತೆ. ಅವಳ ಬತ್ತಿ ದೇವರಿಗೂ ಆಯಿತು, ಕೆಲಸಕ್ಕೂ ಆಯಿತು ಎಂದು ನಾನು ಹಾಸ್ಯ ಮಾಡುತ್ತಿದ್ದೆ.

ನನಗೆ ಮಾತೆಂದರೆ ಊಟ. ಅಮ್ಮ ಬೇಗ ಹೋದದ್ದರಿಂದ ನನ್ನನ್ನು ಬೆಳೆಸಿದವಳು ಅಜ್ಜಿ. ಸುತ್ತಲ ನಾಲ್ಕು ಹಳ್ಳಿಯ ಹೆರಿಗೆ ಮಾಡಿಸಿದ ಕೈ ಅವಳದು. ಅವಳ ಗಾದೆ, ಅವಳ ಕತೆ, ಅವಳ ಬೈಗುಳ ಎಲ್ಲವೂ ನನ್ನ ಬಾಯಿಗೆ ಇಳಿದಿದ್ದವು. ಅವನ್ನೆಲ್ಲ ಈ ಹುಡುಗಿಯ ಮುಂದೆ ಹರಡುತ್ತಿದ್ದೆ. ಅವಳು ತಲೆ ಎತ್ತದೆ ಗಂಟು ಹಾಕುತ್ತಾ, "ಅಕ್ಕ, ನಿಮ್ಮ ಕತೇಲಿ ಹೆಣ್ಣು ನೋಡೋಕೆ ಬಂದವರು ಇನ್ನೂ ಕಾಫಿ ಕುಡೀತಾ ಅವ್ರೆ, ನಂದು ಇಲ್ಲಿ ಸೆರಗೇ ಮುಗಿದೋಯ್ತು" ಅನ್ನುತ್ತಿದ್ದಳು.

ಮದುವೆಯಾಗಿ ಆ ಮನೆಗೆ ಬಂದ ಎರಡನೆಯ ತಿಂಗಳಲ್ಲೇ ಅವಳು ಒಂದು ತಗಡಿನ ಬಿಸ್ಕತ್ತಿನ ಡಬ್ಬಿ ತಂದು, ನಿಮ್ಮ ಅಡುಗೆಮನೆಯಲ್ಲಿ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದಳು. ಒಡವೆ ಇರಬೇಕೆಂದುಕೊಂಡೆ. ತೆಗೆದು ನೋಡಿದರೆ ಮಾತ್ರೆಯ ಪಟ್ಟಿಗಳು.

ಅವಳ ಅಮ್ಮನಿಗಿದ್ದ ಕಾಯಿಲೆಯೇ ಅವಳಿಗೂ ಬಂದಿತ್ತು. ಮೂರು ನಾಲ್ಕು ವಾರಕ್ಕೊಮ್ಮೆ ಇದ್ದಕ್ಕಿದ್ದಂತೆ ಜ್ವರ, ಹೊಟ್ಟೆ ಹಲಗೆಯಂತೆ ಬಿಗಿದು ಉಸಿರೆಳೆಯಲೂ ಆಗದಂಥ ನೋವು. ಮೂರು ದಿನ ಕಾಡಿ, ನಾಲ್ಕನೆಯ ದಿನ ಏನೂ ಆಗಿಲ್ಲವೇನೋ ಎಂಬಂತೆ ಹೊರಟುಹೋಗುವುದು. ಅಮ್ಮನಿಗೆ ಗಾಳಿ ಸೋಕು ಎಂದರು, ತಾಯತ ಕಟ್ಟಿದರು. ಕೊನೆಗೆ ಮೂತ್ರಪಿಂಡ ಕೆಟ್ಟು, ಕಾಲು ಊದಿ ಆಕೆ ತೀರಿಕೊಂಡರು. ಮಗಳಿಗೆ ಅಪೆಂಡಿಕ್ಸ್ ಎಂದು ಹೊಟ್ಟೆ ಕುಯ್ದರು, ಅಲ್ಲೇನೂ ಇರಲಿಲ್ಲ. ಬೆಂಗಳೂರಿಗೆ ಕರೆದೊಯ್ದು ಅಲ್ಲಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ರಕ್ತವನ್ನು ಎಲ್ಲಿಗೋ ಕಳಿಸಿ ಪರೀಕ್ಷೆ ಮಾಡಿಸಿದ ಮೇಲೆ, ಇದು ವಂಶದಲ್ಲೇ ಇಳಿದು ಬರುವ ಉರಿಯೂತದ ಜ್ವರ ಎಂದರಂತೆ. ದಿನಕ್ಕೆ ಎರಡು ಪುಟ್ಟ ಮಾತ್ರೆ, ಬದುಕಿರುವ ತನಕ. ಅಂದಿನಿಂದ ಜ್ವರ ಅವಳ ಹತ್ತಿರ ಸುಳಿದಿರಲಿಲ್ಲ.

ಅವಳ ಗಂಡನಿಗೆ ಇದು ಗೊತ್ತಿತ್ತು. ಹೆಣ್ಣು ನೋಡಲು ಬಂದ ದಿನವೇ ಅವಳು ಹೇಳಿಬಿಟ್ಟಿದ್ದಳು. ಹೆಬ್ಬಾಳದ ಕಡೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುವ ಸಾಧು ಮನುಷ್ಯ. ನನಗೆ ಚಿಂತೆಯಿಲ್ಲ, ಅವ್ವನಿಗೆ ಮಾತ್ರ ಹೇಳಬೇಡ ಅಂದಿದ್ದನಂತೆ. ಆ ಅವ್ವ ಇವರ ಜೊತೆಯಲ್ಲೇ ಇದ್ದರು. ತಿ. ನರಸೀಪುರದ ಕಡೆಯ ಗಟ್ಟಿ ಹೆಂಗಸು, ಜಿರಲೆ ಹುಡುಕುತ್ತಾ ಸಾಸಿವೆ ಡಬ್ಬಿಯ ತಳವನ್ನೂ ಬಿಡದೆ ಒರೆಸುವವರು. ಅವರ ಕಣ್ಣು ತಪ್ಪಿಸಿ ಆ ಮನೆಯಲ್ಲಿ ಏನನ್ನೂ ಇಡುವಂತಿರಲಿಲ್ಲ. ಸೊಸೆಗೆ ಮನೆತನದ ಕಾಯಿಲೆ, ನಾಳೆ ಮೊಮ್ಮಕ್ಕಳಿಗೂ ಬಂದೀತು ಎಂದು ತಿಳಿದರೆ ಏನಾಗುವುದೋ ಎಂಬ ಭಯ ಹುಡುಗಿಗೆ. ಹಾಗಾಗಿ ಡಬ್ಬಿ ನನ್ನ ಅಡುಗೆಮನೆಯ ಗೂಡು ಸೇರಿತು. ಸಂಜೆ ಕುಚ್ಚಿಗೆ ಕೂರುವ ಮುಂಚೆ ನಾನು ಎರಡು ಮಾತ್ರೆ, ಒಂದು ಲೋಟ ನೀರು ಕೊಡುತ್ತಿದ್ದೆ. ನಮ್ಮ ಬೀದಿಯ ಮೆಡಿಕಲ್‌ನಲ್ಲಿ ಕೊಂಡರೆ ಊರಿಗೆಲ್ಲ ತಿಳಿಯುತ್ತದೆಂದು, ತಿಂಗಳಿಗೊಮ್ಮೆ ದೇವರಾಜ ಮಾರ್ಕೆಟ್ಟಿಗೆ ಹೋದಾಗ ಅಲ್ಲಿನ ಅಂಗಡಿಯಿಂದ ನಾನೇ ತರುತ್ತಿದ್ದೆ. ಒಮ್ಮೆ ನಿಜವಾಗಿಯೂ ನಾಲ್ಕು ದಿನ ಸಿಗಲಿಲ್ಲ. ಆ ನಾಲ್ಕು ದಿನ ಅವಳು ನಗುವುದನ್ನೇ ಬಿಟ್ಟಿದ್ದಳು.

ಮದುವೆಯಾಗಿ ಐದು ವರ್ಷವಾದರೂ ಮಡಿಲು ತುಂಬಲಿಲ್ಲ. ಮಾತ್ರೆ ಇಲ್ಲದೆ ಕಳೆದ ವರ್ಷಗಳ ಉರಿಯೂತ ಗರ್ಭನಾಳಕ್ಕೂ ತಾಗಿರಬಹುದು, ಆದರೂ ಆಸೆ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರು. ಇನ್ನೊಂದನ್ನೂ ಹೇಳಿದ್ದರು: ಬಸುರಾದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಚೀಟಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಆ ಚೀಟಿಯೂ ನನ್ನ ಡಬ್ಬಿಯಲ್ಲೇ ಇತ್ತು. ನಾನು ಓದಿದ್ದೆ.

ಆರನೆಯ ವರ್ಷ ಬಸುರಾದಳು. ಅತ್ತೆಗಿಂತ ಮುಂಚೆ ನನಗೆ ಹೇಳಿದಳು. ದಾರದುಂಡೆಗಳನ್ನೆಲ್ಲ ನನ್ನ ಮಡಿಲಿಗೆ ಸುರಿದು, "ಇನ್ನು ಒಂಬತ್ತು ತಿಂಗಳು ಕತೆ ಹೇಳೋದು ನೀವಲ್ಲ ಅಕ್ಕ, ನಾನು" ಅಂದಳು. ಹೆಸರುಬೇಳೆ ಪಾಯಸ ಮಾಡಿದೆ. ಮಾತ್ರೆ ಎಂದು ಕಣ್ಣಲ್ಲೇ ಕೇಳಿದೆ. ಡಾಕ್ಟರಿಗೆ ಫೋನು ಮಾಡಿ ಆಯಿತು, ಮುಂದುವರಿಸಲು ಹೇಳಿದ್ದಾರೆ ಎಂದಳು. ನನಗೆ ಸಮಾಧಾನವಾಗಲಿಲ್ಲ. ಬಸುರಿ ಹೊಟ್ಟೆ ಅಂದರೆ ಹೊಸ ಮಡಕೆ, ಮೊದಲು ಹಾಕಿದ್ದರ ವಾಸನೆ ಕೊನೆತನಕ ಎನ್ನುತ್ತಿದ್ದಳು ಅಜ್ಜಿ. ಆದರೂ ಸುಮ್ಮನಿದ್ದೆ. ಎರಡು ಮಾತ್ರೆ, ಒಂದು ಲೋಟ ನೀರು ಕೊಡುತ್ತಲೇ ಇದ್ದೆ.

ನಾಲ್ಕನೆಯ ತಿಂಗಳು ಹಿಡಿದಾಗ ಮಾತ್ರೆ ತರಲು ಹೋದೆ. ಅಂಗಡಿಯಾತನಿಗೆ ಆವತ್ತು ವ್ಯಾಪಾರವಿರಲಿಲ್ಲ, ಮಾತಿಗೆ ನಿಂತ. ಈ ಮಾತ್ರೆ ಯಾವುದರಿಂದ ತಯಾರಾಗುತ್ತೆ ಗೊತ್ತೇನಮ್ಮ, ಮಳೆಗಾಲದಲ್ಲಿ ಬೇಲಿ ಮೇಲೆ ಹಬ್ಬಿ ಬೆಂಕಿಯ ಹಾಗೆ ಕೆಂಪು ಹಳದಿ ಹೂ ಬಿಡುತ್ತಲ್ಲ, ಆ ಗೌರಿ ಹೂವಿನ ಬೀಜದಿಂದ ಇದರ ಸಾರ ತೆಗೀತಾರಂತೆ ಎಂದ. ತನಗೆ ಗೊತ್ತಿದ್ದುದನ್ನು ಹೇಳಿದ ಸಂತೋಷ ಆತನಿಗೆ. ನಾನು ಚಿಲ್ಲರೆ ಇಸಿದುಕೊಳ್ಳುವುದನ್ನೂ ಮರೆತು ಅಂಗಡಿಯಿಂದ ಇಳಿದೆ.

ಅಜ್ಜಿಯ ಊರಿನ ಬೇಲಿಗಳಲ್ಲಿ ಆ ಬಳ್ಳಿಯಿತ್ತು. ನಾನು ಹೂ ಕೀಳಲು ಹೋದಾಗಲೆಲ್ಲ ಬೆನ್ನಿಗೆ ಪೆಟ್ಟು ಬೀಳುತ್ತಿತ್ತು. ಅದರ ಗೆಡ್ಡೆ ವಿಷ, ಬಸುರಿ ಆ ಬಳ್ಳಿಯನ್ನು ದಾಟಲೂಬಾರದು, ದಾಟಿದರೆ ಬಸಿರು ನಿಲ್ಲದು ಎನ್ನುತ್ತಿದ್ದಳು. ಹೆಸರು ಹೇಳದೆ ಯಾರ್ಯಾರದೋ ಕತೆ ಹೇಳುತ್ತಿದ್ದಳು... ಮಾನ ಮುಚ್ಚಿಕೊಳ್ಳಲು ಹೋಗಿ ಪ್ರಾಣವನ್ನೇ ಕಳೆದುಕೊಂಡವರ ಕತೆ. ಬಸ್ಸಿನಲ್ಲಿ ಬರುವಾಗ ಮಾತ್ರೆಯ ಚೀಲವನ್ನು ಮಡಿಲಲ್ಲಿಟ್ಟುಕೊಳ್ಳಲು ಹೆದರಿ ಕಾಲ ಬಳಿ ಇಟ್ಟೆ. ಆರು ವರ್ಷ ನನ್ನ ಕೈಯಾರೆ ಅದನ್ನೇ ತಿನ್ನಿಸಿದ್ದೆನಲ್ಲ, ಮಕ್ಕಳಾಗದಿದ್ದದ್ದು ಅದಕ್ಕೇ ಇರಬೇಕು ಎಂದು ಮನಸ್ಸು ತನ್ನಷ್ಟಕ್ಕೆ ತೀರ್ಪು ಕೊಟ್ಟುಬಿಟ್ಟಿತು.

ಆಗಲೇ ಡಾಕ್ಟರಿಗೆ ಒಂದು ಫೋನು ಮಾಡಬಹುದಿತ್ತು. ನಂಬರು ಚೀಟಿಯ ಮೇಲೇ ಇತ್ತು. ಹುಡುಗಿಗೇ ಹೇಳಿದ್ದರೂ ಆಗುತ್ತಿತ್ತು. ಅವಳೇ ಕೇಳುತ್ತಿದ್ದಳು, ಡಾಕ್ಟರು ಬಿಡಿಸಿ ಹೇಳುತ್ತಿದ್ದರು. ಆದರೆ ಬಸುರಿಯ ಕಿವಿಗೆ ಕೆಟ್ಟದ್ದನ್ನು ಹಾಕಬಾರದು, ಕಿವಿಯಿಂದ ಹೋದದ್ದು ಹೊಟ್ಟೆಗೇ ಇಳಿಯುತ್ತದೆ ಎಂಬುದೂ ಅಜ್ಜಿಯ ಮಾತೇ. ನಮ್ಮ ಕಡೆ ಬಸುರಿಯ ಎದುರು ಸಾವಿನ ಸುದ್ದಿ ಎತ್ತುವುದಿಲ್ಲ, ಗ್ರಹಣದ ಮಾತಾಡುವುದಿಲ್ಲ, ಹಾವು ಕಂಡರೂ ಹುಳ ಅನ್ನುತ್ತೇವೆ. ಹೇಳದೆ ಕಾಪಾಡುವುದೇ ಹಿರಿಯರ ಲಕ್ಷಣ ಎಂದು ನಾನು ತಿಳಿದಿದ್ದೆ. ಮೂರು ಪಟ್ಟಿ ಮಾತ್ರೆಯನ್ನು ಅಕ್ಕಿ ಡಬ್ಬದೊಳಗೆ ಮೊಣಕೈವರೆಗೆ ಕೈ ಇಳಿಸಿ ಹುಗಿದೆ. ಹಳೆಯ ಪಟ್ಟಿಯಲ್ಲಿದ್ದ ಕೊನೆಯ ಎರಡನ್ನು ಆ ಸಂಜೆ ಕೊಟ್ಟು, "ಸ್ಟಾಕ್ ಇಲ್ವಂತೆ ಕಣಮ್ಮ, ಒಂದು ವಾರ ಆಗುತ್ತಂತೆ" ಅಂದೆ.

ಅವಳ ಕೈಯಲ್ಲಿದ್ದ ಲೋಟ ಒಂದು ಗಳಿಗೆ ತುಟಿಗೆ ಹೋಗದೆ ನಿಂತಿತು. ಆಮೇಲೆ ಸರಿ ಅಕ್ಕ ಎಂದಳು.

ಪ್ರತಿ ಸಂಜೆಯೂ ಬಂತಾ ಎಂದು ಕೇಳುತ್ತಿದ್ದಳು. ಪ್ರತಿ ಸಂಜೆಯೂ ಇಲ್ಲ ಎನ್ನುತ್ತಿದ್ದೆ. ಐದನೆಯ ದಿನ, ಗಂಡನ ಶಿಫ್ಟು ಮುಗಿದ ಮೇಲೆ ಅವರನ್ನೇ ಕಳಿಸುತ್ತೇನೆ ಎಂದಳು. ನಾನು ಎದ್ದು ಅವಳ ಪಕ್ಕದಲ್ಲೇ ಕೂತುಬಿಟ್ಟೆ. ನನ್ನ ಬಾಯಿಯ ಬಲವನ್ನೆಲ್ಲ ಆವತ್ತು ಬಳಸಿದೆ. ಬಸಿರು ನಿಂತರೆ ಹಳೆಯ ಕಾಯಿಲೆ ತಾನಾಗಿ ಅಡಗುತ್ತದೆ, ಮಗುವೇ ತಾಯಿಗೆ ಮದ್ದು ಎಂದೆ. ಅಜ್ಜಿ ಕಂಡ ಮೂವರು ಹೆಂಗಸರ ಕತೆ ಹೇಳಿದೆ. ಅವರಲ್ಲಿ ಇಬ್ಬರನ್ನು ಅಲ್ಲೇ, ಆ ಜಗಲಿಯ ಮೇಲೇ ಹುಟ್ಟಿಸಿದೆ. ಐದು ದಿನವಾಯಿತಲ್ಲ, ಏನಾದರೂ ಆಯಿತಾ ಎಂದೆ. ಹತ್ತನೆಯ ದಿನದ ಹೊತ್ತಿಗೆ ಅವಳಿಗೂ ಧೈರ್ಯ ಬಂದಂತಿತ್ತು. ನಿಮ್ಮಜ್ಜಿ ಗೆದ್ದರು ಅಕ್ಕ ಎಂದು ನಕ್ಕಳು. ನಾನೂ ನಕ್ಕೆ. ಈಗ ನಿಜ ಹೇಳಿಬಿಡಬೇಕು: ಆ ನಗುವಿನಲ್ಲಿ ಹೆದರಿಕೆಗಿಂತ ಜಂಬವೇ ಹೆಚ್ಚಿತ್ತು. ಈ ಮಗುವನ್ನು ಉಳಿಸಿದವಳು ನಾನು ಎಂದು ಮುಂದೊಂದು ದಿನ ಹೇಳುವ ಕತೆಯನ್ನು ಮನಸ್ಸು ಆಗಲೇ ಕಟ್ಟುತ್ತಿತ್ತು.

ಹದಿನೆಂಟನೆಯ ದಿನ ಸಂಜೆ ಜಗಲಿಯಲ್ಲಿ ಅವಳು ಹಸಿರು ಸೀರೆಯೊಂದನ್ನು ಹಿಡಿದು ಕೂತಿದ್ದಳು. ಒಂದು ಗಂಟು ಅರ್ಧಕ್ಕೆ ಬಿಟ್ಟು, ಗೋಡೆ ಹಿಡಿದು ಎದ್ದಳು. ಮತ್ತೆ ಕೂತಳು. "ಅಕ್ಕ, ಅದೇ ಬಂದ್ಬುಡ್ತು" ಅಂದಳು. ಅಳಲಿಲ್ಲ. ಹಳೆಯ ನಂಟನ ಗುರುತು ಹಿಡಿದವಳ ಹಾಗೆ ಹೇಳಿದಳು. ಆಟೋ ಬರುವಷ್ಟರಲ್ಲಿ ಮೈ ಕೆಂಡವಾಗಿತ್ತು.

ಆಸ್ಪತ್ರೆಯಲ್ಲಿ ಹಳೆಯ ಚೀಟಿ ನೋಡಿದ ಲೇಡಿ ಡಾಕ್ಟರು ಕೇಳಿದ ಮೊದಲ ಮಾತೇ ಮಾತ್ರೆ ಯಾಕೆ ನಿಲ್ಲಿಸಿದಿರಿ ಎಂದು. ಸಿಗಲಿಲ್ಲ ಮೇಡಂ ಎಂದಳು. ಡಾಕ್ಟರು ಹುಬ್ಬು ಗಂಟಿಕ್ಕಿ, "ಸಿಗಲಿಲ್ವಾ? ಕೆಳಗೆ ನಮ್ಮ ಮೆಡಿಕಲ್‌ನಲ್ಲೇ ಇದೆಯಲ್ಲಮ್ಮ" ಅಂದರು. ನಾನು ಮಂಚದ ಕಬ್ಬಿಣ ಹಿಡಿದು ನಿಂತಿದ್ದೆ. ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಳು. ಕೇಳಿಸಿತೋ ಇಲ್ಲವೋ...

ಮೂರು ದಿನ ಜ್ವರ, ಮೂರು ದಿನ ಹೊಟ್ಟೆನೋವು. ಮೂರನೆಯ ದಿನ ಬೆಳಗ್ಗೆ ಮಗು ಹೋಯಿತು.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅತ್ತೆ ಒಬ್ಬರೇ ಕೂತಿದ್ದರು. ಪಕ್ಕಕ್ಕೆ ಹೋಗಿ ಕೂತೆ. ಅವರೇ ನನ್ನ ಕೈ ಹಿಡಿದುಕೊಂಡರು. "ನಂಗೇನು ಗೊತ್ತಿಲ್ವಾ ಕಣವ್ವ, ಮಾತ್ರೆ ನಿಮ್ಮನೇಲಿ ಮಡ್ಗಿರದು? ದಿನಾ ಬಯ್ಗೆ ನಿಮ್ಮ ಜಗಲಿ ಮ್ಯಾಲೆ ನುಂಗದ ಕಿಟಕೀಲಿ ನೋಡ್ತಿದ್ದೆ. ಕಾಯ್ಲೆ ಯಾರ್ಗಿಲ್ಲ ಹೇಳಿ? ಅವ್ಳಾಗ್ ಅವ್ಳೇ ಯೋಳ್ಲಿ ಅಂತ ಸುಮ್ಕಿದ್ದೆ. ಒಳ್ಳೇರ್ ಕೈಲದೆ ಅಂತ ನೆಮ್ಮದಿಯಾಗಿದ್ದೆ."

ಆ ಕೈಯನ್ನು ಬಿಡಿಸಿಕೊಳ್ಳಲೂ ಆಗಲಿಲ್ಲ, ಹಿಡಿದುಕೊಳ್ಳಲೂ ಆಗಲಿಲ್ಲ. ಯಾರಿಗೆ ಹೆದರಿ ಡಬ್ಬಿ ನನ್ನ ಮನೆಗೆ ಬಂದಿತ್ತೋ ಅವರ ಮನೆಯಲ್ಲೇ ಅದು ಇದ್ದಿದ್ದರೆ ಒಂದು ದಿನವೂ ತಪ್ಪುತ್ತಿರಲಿಲ್ಲ.

ಸಂಜೆ ಡಾಕ್ಟರನ್ನು ಒಂಟಿಯಾಗಿ ಹಿಡಿದು, ಆ ಮಾತ್ರೆಯನ್ನು ಗೌರಿ ಹೂವಿನಿಂದ ಮಾಡುತ್ತಾರಂತೆ, ಬಸುರಿಗೆ ಕೆಡುಕಲ್ಲವೇ ಎಂದು ಬೇರೆ ಯಾರದೋ ಅನುಮಾನವೆಂಬಂತೆ ಕೇಳಿದೆ. ಗಿಡದ ವಿಷ ಬೇರೆ, ಅಳತೆ ಮಾಡಿ ಕೊಡುವ ಔಷಧ ಬೇರೆ. ಈ ಕಾಯಿಲೆಯ ಎಷ್ಟೋ ಹೆಂಗಸರು ಅದನ್ನು ನುಂಗುತ್ತಲೇ ಹೆತ್ತಿದ್ದಾರೆ. ನಿಲ್ಲಿಸಿದಾಗ ಜ್ವರ ಕೆರಳುವುದೇ ತಾಯಿಗೂ ಮಗುವಿಗೂ ಕಷ್ಟ ಎಂದರು. ನನ್ನ ಮುಖ ನೋಡಿ ಏನನ್ನಿಸಿತೋ, ಈ ಮಗು ಅದರಿಂದಲೇ ಹೋಯಿತೆಂದು ಖಂಡಿತವಾಗಿ ಹೇಳಲಾರೆ, ಬೇರೆ ಕಾರಣವೂ ಇರಬಹುದು ಎಂದು ಸೇರಿಸಿದರು. ಆ ಕೊನೆಯ ಮಾತನ್ನು ನಾನು ಇಷ್ಟು ವರ್ಷ ಊರುಗೋಲಿನಂತೆ ಹಿಡಿದು ನೋಡಿದ್ದೇನೆ. ಭಾರ ಬಿಟ್ಟೊಡನೆ ಬಾಗುತ್ತದೆ.

ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಅವಳು ಜಗಲಿಗೆ ಬಂದಳು. ಕೈಯಲ್ಲಿ ಸೀರೆ ಇರಲಿಲ್ಲ. ಡಬ್ಬಿ ಕೊಡಿ ಅಕ್ಕ, ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ, ಅತ್ತೆಗೆ ಎಲ್ಲ ಹೇಳಿದೆ ಎಂದಳು. ಒಳಗೆ ಹೋಗಿ ಅಕ್ಕಿಯಿಂದ ಮೂರೂ ಪಟ್ಟಿ ತೆಗೆದು, ಸೆರಗಿನಲ್ಲಿ ಒರೆಸಿ, ಡಬ್ಬಿಯಲ್ಲಿಟ್ಟು ತಂದುಕೊಟ್ಟೆ. ಅವಳು ಮುಚ್ಚಳ ತೆಗೆದಳು. ಒಂದು ಪಟ್ಟಿಯ ಮಡಿಕೆಯಲ್ಲಿ ಅಕ್ಕಿಕಾಳೊಂದು ಸಿಕ್ಕಿಕೊಂಡಿತ್ತು. ದಾರದ ಎಳೆ ಬಿಡಿಸುವ ಅದೇ ಬೆರಳುಗಳಿಂದ ಅದನ್ನು ಬಿಡಿಸಿ ಜಗಲಿಯ ಮೇಲಿಟ್ಟಳು. ಅದನ್ನೇ ನೋಡುತ್ತಾ ಕೇಳಿದಳು:

"ಸ್ಟಾಕ್ ಬಂತಾ ಅಕ್ಕ?"

"ಬಂತು ಕಣಮ್ಮ."

ಹೂಂ ಎಂದು ಎದ್ದು ಹೋದಳು. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆನೇನೋ. ಅವಳು ಬೈಯಲಿಲ್ಲ, ನಾನು ಹಿಡಿಯಲಿಲ್ಲ.

ಆಮೇಲೆ ಅವರ ಮನೆಗೆ ಹೊಸ ಟ್ಯೂಬ್‌ಲೈಟ್ ಬಂತು. ಜಗಲಿಗೆ ಬರುವುದು ನಿಂತಿತು. ಎದುರು ಸಿಕ್ಕರೆ ಊಟ ಆಯ್ತಾ ಅಕ್ಕ ಎನ್ನುವುದು ಮಾತ್ರ ನಿಲ್ಲಲಿಲ್ಲ. ಎಂಟು ತಿಂಗಳಿಗೆ ರಾಜೀವನಗರದ ಕಡೆ ಮನೆ ನೋಡಿಕೊಂಡರು. ಹೊರಡುವ ದಿನ ಅರಿಶಿನ ಕುಂಕುಮಕ್ಕೆ ಒಳಗೆ ಬಂದು ರೂಢಿಯಂತೆ ಬಗ್ಗಿದಳು. ಮಡಿಲು ತುಂಬಲಿ ಎನ್ನಬೇಕು. ಸಾವಿರ ಸಲ ಸಾವಿರ ಜನಕ್ಕೆ ಅಂದಿದ್ದ ಮಾತು. ಆವತ್ತು ಅದನ್ನು ಅನ್ನದೆ ಕುಂಕುಮದ ಬಟ್ಟಲು ಮುಚ್ಚಿದೆ. ಅವಳು ಒಂದು ಕ್ಷಣ ಹೆಚ್ಚೇ ಬಗ್ಗಿ ಕಾದಳು ಎಂದು ನನಗೆ ಈಗಲೂ ಅನ್ನಿಸುತ್ತದೆ.

ನಾಲ್ಕು ವರ್ಷದ ಮೇಲೆ ದೇವರಾಜ ಮಾರ್ಕೆಟ್ಟಿನ ಬಾಳೆಲೆ ಸಾಲಿನಲ್ಲಿ ಅತ್ತೆ ಸಿಕ್ಕರು. ಸೊಸೆ ಹೆಣ್ಣುಮಗು ಹೆತ್ತಿದ್ದಾಳೆ, ತಿಂಗಳು ತುಂಬುವ ತನಕ ಮಾತ್ರೆ ಬಿಟ್ಟಿಲ್ಲ, ನಾನೇ ಎದುರು ನಿಂತು ನುಂಗಿಸಿದೆ ಎಂದು ಹೇಳುತ್ತಾ ಹೆಮ್ಮೆಯಲ್ಲಿ ಹಿಗ್ಗಿದರು. ನನಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳು. ಆದರೆ ಆ ಕೂಸು ಉಳಿದ ರೀತಿಯೇ ಮೊದಲನೆಯದು ಹೋದ ರೀತಿಯನ್ನು ನನ್ನ ಮುಖಕ್ಕೆ ಹಿಡಿದಂತಿತ್ತು. ಹಿಟ್ಟಿನ ಗಿರಣಿಯ ಪಕ್ಕದ ಮನೆ, ಮೊದಲನೇ ಮಹಡಿ, ಬಂದು ಕೂಸನ್ನು ನೋಡಿಕೊಂಡು ಹೋಗಿ ಎಂದರು. ಬರುತ್ತೇನೆ ಎಂದೆ. ಹೋಗಲಿಲ್ಲ. ಎರಡು ವರ್ಷದ ಹಿಂದೆ ಆ ಅತ್ತೆ ತೀರಿಕೊಂಡ ಸುದ್ದಿ ಯಾರ ಬಾಯಿಂದಲೋ ಬಂತು. ಆಗಲೂ ಹೋಗಲಿಲ್ಲ.

ಮೊನ್ನೆ ಶುಕ್ರವಾರ ಪೂಜೆಯಿಂದ ಎದ್ದವಳು, ಶನಿವಾರ ಬೆಳಗ್ಗೆಯೇ ರಾಜೀವನಗರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಹೇಳಿಕೊಂಡೆ. ಗಾದೆ ಬೇಡ, ಕತೆ ಬೇಡ, ಅಜ್ಜಿ ಬೇಡ. ಮಾತ್ರೆ ಇತ್ತು, ನಾನು ಬಚ್ಚಿಟ್ಟೆ. ಅಷ್ಟೆ. ಗಿರಣಿ ಸಿಕ್ಕಿತು, ಮಹಡಿಯೂ ಸಿಕ್ಕಿತು. ಬಾಗಿಲು ತೆರೆದವಳು ಬೇರೆ ಯಾರೋ ಹೆಂಗಸು. ಅವರು ಬಿಟ್ಟು ಹೋಗಿ ಒಂದು ವರ್ಷವಾಯಿತು, ಎಲ್ಲಿಗೆ ಹೋದರೋ ಗೊತ್ತಿಲ್ಲ ಎಂದಳು. ಒಳ್ಳೆಯ ಹೆಂಗಸು. ನನ್ನ ವಯಸ್ಸು ನೋಡಿ ನೀರು ತಂದುಕೊಟ್ಟಳು.

"ಓನರ್ ಹತ್ರ ನಂಬರ್ ಇರುತ್ತೆ ಆಂಟಿ, ಕೇಳಿ ಕೊಡ್ಲಾ? ಏನಾದ್ರೂ ಅರ್ಜೆಂಟಾ?"

"ಅರ್ಜೆಂಟೇನಿಲ್ಲಮ್ಮ" ಅಂದೆ. "ಹಿಂಗೇ ಈ ಕಡೆ ಬಂದಿದ್ದೆ."

ಮೆಟ್ಟಿಲಿಳಿದು ಬಸ್ ಸ್ಟಾಪಿಗೆ ಬಂದೆ. ಆ ಮಗು ಉಳಿದಿದ್ದರೆ ಈ ವರ್ಷ ಏಳನೇ ಕ್ಲಾಸು. ಪ್ರತಿ ಜೂನಿನಲ್ಲೂ ಒಂದೊಂದು ಕ್ಲಾಸು ಮುಂದೆ ಹಾಕುತ್ತಾ ಬಂದಿದ್ದೇನೆ. ಅವಳೂ ಹಾಕುತ್ತಿರುತ್ತಾಳೆ. ಅತ್ತೆಯೂ ಹೋದ ಮೇಲೆ ಆ ಮಗುವಿನ ವಯಸ್ಸು ನೆನಪಿಟ್ಟವರಲ್ಲಿ ಹೆಂಗಸರೆಂದರೆ ನಾವಿಬ್ಬರೇ. ಒಬ್ಬಳು ಎಲ್ಲಿದ್ದಾಳೋ ಗೊತ್ತಿಲ್ಲ, ಇನ್ನೊಬ್ಬಳು ಕೇಳಿದವರಿಗೆ ಅರ್ಜೆಂಟೇನಿಲ್ಲ ಎಂದು ಹೇಳಿ ಬಂದಳು.